ಸೌಂದರ್ಯ ಪ್ರಶ್ನೋತ್ತರ: ತೆಳುವಾದ ಸ್ಕಿನ್ ಟಿಂಟ್ ದಿನವಿಡೀ ನಿಲ್ಲುತ್ತದೆಯೇ?

ದಿನನಿತ್ಯದ ಮೇಕಪ್ಪಿಗೆ ಫೌಂಡೇಶನ್ ಬಿಟ್ಟು ಸ್ಕಿನ್ ಟಿಂಟ್ (ಚರ್ಮ ಕಾಣುವಷ್ಟು ತೆಳುವಾಗಿ ಬಣ್ಣ ಕೊಡುವ ದ್ರವ) ಹಿಡಿದವರಿಂದಲೂ, ಹಿಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಂದಲೂ ಈ ಸಲ ಬಂದ ಪತ್ರಗಳು ಎಷ್ಟಿದ್ದವೆಂದರೆ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇಡೀ ಅಂಕಣವನ್ನು ಇದೊಂದಕ್ಕೇ ಮೀಸಲಿಡಬೇಕಾಯಿತು. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ; ಬರೆದವರ ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕಿ, ವಯಸ್ಸು 38. ಹತ್ತು ವರ್ಷಗಳಿಂದ ಫೌಂಡೇಶನ್ ಹಚ್ಚುತ್ತಿದ್ದೆ. ಇತ್ತೀಚೆಗೆ ಅದು ಮುಖದ ಮೇಲೆ ಭಾರವೆನಿಸತೊಡಗಿದ್ದರಿಂದ ಸ್ಕಿನ್ ಟಿಂಟ್ ತಂದುಕೊಂಡೆ. ಬೆಳಿಗ್ಗೆ ಹಚ್ಚಿದಾಗ ಚರ್ಮ ತುಂಬ ಸಹಜವಾಗಿ ಕಾಣುತ್ತದೆ. ಆದರೆ ಮಧ್ಯಾಹ್ನದ ತರಗತಿಯ ಹೊತ್ತಿಗೆ ಮುಖ ಒಂದು ಬಗೆಯ ಕಿತ್ತಳೆ ಛಾಯೆಗೆ ತಿರುಗಿ, ಮೂಗಿನ ಪಕ್ಕದಲ್ಲಿ ಬಣ್ಣ ಅಳಿಸಿಹೋಗಿ, ಕೆನ್ನೆಯ ಮೇಲಿನ ಹಳೆಯ ಮೊಡವೆ ಕಲೆಗಳು ಇಣುಕಿ ನೋಡುತ್ತವೆ. ತಪ್ಪು ಶೇಡಿನದೋ, ಹಚ್ಚುವ ಕ್ರಮದ್ದೋ, ಅಥವಾ ಈ ವಸ್ತುವೇ ನನಗೆ ಹೊಂದುವುದಿಲ್ಲವೋ? ಮತ್ತೆ ಫೌಂಡೇಶನ್ನಿಗೇ ಮರಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ದೂರಿನಂತೆ ಸೇರಿಕೊಂಡಿವೆ. ಅವುಗಳಲ್ಲಿ ಕಲೆಗಳ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ತೊಂದರೆಯೇ ಅಲ್ಲ. ಫೌಂಡೇಶನ್ ಆಗಲಿ ಸ್ಕಿನ್ ಟಿಂಟ್ ಆಗಲಿ, ಬಣ್ಣ ಕೊಡುವ ಪುಡಿ ಎರಡರಲ್ಲೂ ಒಂದೇ: ಬಿಳುಪಿಗೆ ಟೈಟೇನಿಯಂ ಡೈಆಕ್ಸೈಡ್, ಉಳಿದ ಬಣ್ಣಕ್ಕೆ ಕೆಂಪು, ಹಳದಿ ಮತ್ತು ಕಪ್ಪು ಐರನ್ ಆಕ್ಸೈಡ್. ಟಿಂಟಿನಲ್ಲಿ ಈ ಪುಡಿಯ ಪ್ರಮಾಣ ಕಡಿಮೆ, ಅದನ್ನು ಹೊತ್ತ ದ್ರವದ ಪ್ರಮಾಣ ಹೆಚ್ಚು. ಹೀಗಾಗಿ ಅದರೊಳಗಿಂದ ನಿಮ್ಮ ಚರ್ಮ ಕಾಣುತ್ತಲೇ ಇರುತ್ತದೆ. ಕೆಂಪಗಾದ ಭಾಗ, ಮಂಕಾದ ಭಾಗಗಳ ನಡುವಿನ ವ್ಯತ್ಯಾಸ ಮಾತ್ರ ಕಡಿಮೆಯಾಗುತ್ತದೆ. ಕಲೆಗಳು ಬೆಳಿಗ್ಗೆಯೂ ಅಲ್ಲಿಯೇ ಇದ್ದವು. ಹೊಸದಾಗಿ ಹಚ್ಚಿದ ಮುಖದ ತೇವದ ಹೊಳಪಿನಲ್ಲಿ ಅವು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಕಲೆ ಕಾಣಲೇಬಾರದೆಂಬ ದಿನ ಅದರ ಮೇಲೆ ಮಾತ್ರ ಒಂದು ಚುಕ್ಕೆ ಕನ್ಸೀಲರ್ ಇಟ್ಟು, ಬೆರಳ ತುದಿಯಿಂದ ಅಂಚನ್ನಷ್ಟೇ ಒತ್ತಿ ಬೆರೆಸಿ, ನಡುವನ್ನು ಮುಟ್ಟದೆ ಬಿಡಿ. ಟಿಂಟನ್ನೇ ಮೂರು ನಾಲ್ಕು ಪದರ ಹಚ್ಚಿ ಕಲೆ ಮುಚ್ಚಲು ಹೊರಟರೆ ಫೌಂಡೇಶನ್ನಿನ ಭಾರವೂ ಬರುತ್ತದೆ, ಕಲೆಯೂ ಉಳಿಯುತ್ತದೆ.

ಇನ್ನು ಕಿತ್ತಳೆ ಛಾಯೆ. ಇದನ್ನು ಎಲ್ಲರೂ ‘ಆಕ್ಸಿಡೈಸ್ ಆಯಿತು’ ಎನ್ನುತ್ತಾರೆ. ಹೆಸರಿನಲ್ಲೇ ಆಕ್ಸೈಡ್ ಎಂದಿರುವ ಆ ಕೆಂಪು, ಹಳದಿ ಪುಡಿಗಳು ಡಬ್ಬಿಗೆ ಸೇರುವ ಮೊದಲೇ ಪೂರ್ತಿ ಆಕ್ಸಿಡೈಸ್ ಆಗಿರುತ್ತವೆ. ಮುಖದ ಮೇಲೆ ಹೊಸದಾಗಿ ತುಕ್ಕು ಹಿಡಿಯಲು ಅವುಗಳಲ್ಲಿ ಏನೂ ಉಳಿದಿರುವುದಿಲ್ಲ. ನಡೆಯುವ ಸಂಗತಿ ಹೆಚ್ಚಾಗಿ ಬೇರೆ. ಹಚ್ಚಿದ ಕೂಡಲೇ ಟಿಂಟಿನೊಳಗಿನ ನೀರು ಮತ್ತು ಬೇಗ ಆರುವ ಸಿಲಿಕೋನ್ ದ್ರವ ಹಾರಿಹೋಗಿ ಬಣ್ಣದ ಪುಡಿ ಒತ್ತಾಗಿ ಕೂರುತ್ತದೆ. ಆಮೇಲೆ ಚರ್ಮದ ಜಿಡ್ಡು ಅದನ್ನು ನೆನೆಸುತ್ತದೆ. ಒಣಗಿದ ಬಟ್ಟೆಗಿಂತ ಒದ್ದೆ ಬಟ್ಟೆ ಗಾಢವಾಗಿ ಕಾಣುವುದಿಲ್ಲವೇ, ಹಾಗೆಯೇ ಜಿಡ್ಡಿನಲ್ಲಿ ನೆನೆದ ಬಣ್ಣವೂ ಅರ್ಧ ಶೇಡು ಗಾಢವಾಗಿ ಕಾಣುತ್ತದೆ. ಅಂದರೆ ಅಂಗಡಿಯಲ್ಲಿ ಹಚ್ಚಿದ ಕ್ಷಣದಲ್ಲಿ ಹೊಂದಿದಂತೆ ಕಂಡದ್ದು ನಿಮ್ಮ ನಿಜವಾದ ಶೇಡ್ ಅಲ್ಲ. ಹದಿನೈದು ನಿಮಿಷದ ಅನಂತರ ಕಂಡದ್ದು ಅದಕ್ಕೆ ಹತ್ತಿರ. ನಾಲ್ಕು ಗಂಟೆಯ ಅನಂತರ ಕಂಡದ್ದು ಇನ್ನೂ ಹತ್ತಿರ.

ಇದಕ್ಕೆ ಸೇರಿಕೊಂಡಂತೆ ಇನ್ನೊಂದು ಸಣ್ಣ ವಿಷಯವಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ನೀರಿನಂತೆ ತೆಳುವಾದ ಟಿಂಟುಗಳಲ್ಲಿ ಬಣ್ಣದ ಪುಡಿ ಬಾಟಲಿಯ ತಳಕ್ಕೆ ಇಳಿದು ಕೂರುತ್ತದೆ. ಅಲುಗಾಡಿಸದೆ ಸುರಿದುಕೊಂಡರೆ ಮೊದಲ ವಾರ ಬರೀ ತೆಳು ದ್ರವ, ಕೊನೆಯ ವಾರ ದಟ್ಟ ಬಣ್ಣ. ‘ಶೇಡ್ ದಿನಕ್ಕೊಂದು ಬಗೆ ಕಾಣುತ್ತದೆ’ ಎಂದು ಬರೆದ ಇನ್ನೊಬ್ಬ ಓದುಗಿಗೂ ಇದೇ ಉತ್ತರ: ಪ್ರತಿ ಸಲವೂ ಹತ್ತು ಹದಿನೈದು ಸಲ ಚೆನ್ನಾಗಿ ಕುಲುಕಿ, ಆಮೇಲೆ ಮುಚ್ಚಳ ತೆಗೆಯಿರಿ.

ಶೇಡನ್ನು ಮುಂಗೈ ಮೇಲೆ ನೋಡಿ ಆರಿಸಿದ್ದೀರಾದರೆ ಆ ತಪ್ಪನ್ನು ನಾನೂ ಮಾಡಿದವಳೇ. ಮೊದಲ ಟಿಂಟನ್ನು ಹಾಗೆಯೇ ಆರಿಸಿ, ಮನೆಗೆ ಬಂದು ಹಚ್ಚಿಕೊಂಡಾಗ ಮುಖಕ್ಕೂ ಕತ್ತಿಗೂ ಸಂಬಂಧವೇ ಇಲ್ಲದಂತಾಗಿತ್ತು. ಮುಂಗೈಗೆ ಮಾತ್ರ ಅದು ಇವತ್ತಿಗೂ ಚೆನ್ನಾಗಿ ಒಪ್ಪುತ್ತದೆ. ಮುಂಗೈ, ಹಣೆ, ಕೆನ್ನೆ, ಕತ್ತು ಇವು ಒಬ್ಬರ ಮೈಯಲ್ಲೇ ಬೇರೆ ಬೇರೆ ಬಣ್ಣದವು, ನಮ್ಮಲ್ಲಿ ಹಲವರಿಗೆ ಹಣೆ ಕೆನ್ನೆಗಿಂತ ಗಾಢ. ದವಡೆಯ ಅಂಚಿನಲ್ಲಿ, ಕೆನ್ನೆಯಿಂದ ಕತ್ತಿನ ಕಡೆಗೆ ಇಳಿಯುವಂತೆ ಒಂದು ಗೆರೆ ಎಳೆದು, ಅಂಗಡಿಯ ದೀಪದಿಂದ ಹೊರಗೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಗೆರೆ ಎಲ್ಲಿ ಮುಗಿಯಿತೆಂದು ಹುಡುಕಬೇಕಾದರೆ ಅದು ನಿಮ್ಮ ಶೇಡ್. ಟಿಂಟಿನ ವಿಷಯದಲ್ಲಿ ಒಂದು ಅನುಕೂಲವೂ ಇದೆ: ಬಣ್ಣ ತೆಳುವಾದ್ದರಿಂದ ಅರ್ಧ ಶೇಡ್ ಆಚೀಚೆಯಾದರೂ ನಡೆದುಹೋಗುತ್ತದೆ. ಫೌಂಡೇಶನ್ ಇಷ್ಟು ಕ್ಷಮಿಸುವುದಿಲ್ಲ.

ಮೂಗಿನ ಪಕ್ಕದಲ್ಲಿ ಅಳಿಸಿಹೋಗುವುದು ಜಿಡ್ಡಿನಿಂದ. ಅಲ್ಲಿ ಬಹಳ ಕಡಿಮೆ ಹಚ್ಚಿ. ಕೆನ್ನೆಯನ್ನೆಲ್ಲ ಮುಗಿಸಿದ ಮೇಲೆ ಬೆರಳಿನಲ್ಲಿ ಉಳಿದದ್ದಷ್ಟೇ ಮೂಗಿಗೆ ಸಾಕು. ಅದರ ಮೇಲೆ ಮೂಗು, ಹಣೆಯ ನಡುವು, ಗಲ್ಲ ಇಷ್ಟಕ್ಕೆ ಮಾತ್ರ ಚಿಟಿಕೆಯಷ್ಟು ಪೌಡರನ್ನು ಒತ್ತಿ. ಮಧ್ಯಾಹ್ನ ಜಿಡ್ಡು ಮೂಡಿದಾಗ ಬ್ಲಾಟಿಂಗ್ ಪೇಪರನ್ನೋ ಮೆತ್ತನೆಯ ಟಿಶ್ಯೂವನ್ನೋ ಒತ್ತಿ ತೆಗೆಯಿರಿ, ಉಜ್ಜಬೇಡಿ. ಜಿಡ್ಡಿನ ಮೇಲೆಯೇ ಕಾಂಪ್ಯಾಕ್ಟ್ ಬಡಿದುಕೊಂಡರೆ ಅದು ಉಂಡೆಗಟ್ಟಿ, ಮುಚ್ಚಬೇಕೆಂದಿದ್ದ ಜಾಗವನ್ನೇ ಎತ್ತಿ ತೋರಿಸುತ್ತದೆ.

ಫೌಂಡೇಶನ್ನಿಗೆ ಮರಳುವ ಮೊದಲು ಒಂದು ವಾರ ಹೀಗೆ ಮಾಡಿ ನೋಡಿರೆಂದು ನನ್ನ ಸಲಹೆ. ಮನೆಯಲ್ಲೇ ಇರುವ ಒಂದು ದಿನ ಎಡಗೆನ್ನೆಗೆ ಮಾತ್ರ ಟಿಂಟ್ ಹಚ್ಚಿ, ಬಲಗೆನ್ನೆಯನ್ನು ಬರಿದೇ ಬಿಟ್ಟು, ಎಂದಿನ ಕೆಲಸ ಮಾಡಿಕೊಂಡಿರಿ. ಸಂಜೆ ನಾಲ್ಕರ ಸುಮಾರಿಗೆ ಕಿಟಕಿಯ ಪಕ್ಕ ಕನ್ನಡಿ ಹಿಡಿದು ಎರಡೂ ಕಡೆ ನೋಡಿ. ನಾನು ಹೀಗೆ ಮಾಡಿದ ದಿನ ನನಗೆ ಕಂಡದ್ದು ಇಷ್ಟು: ಹಚ್ಚಿದ ಕೆನ್ನೆಯ ಬಣ್ಣ ಒಂದಿಷ್ಟು ಸಮವಾಗಿತ್ತು, ಕಣ್ಣಿನ ಕೆಳಗಿನ ಮಡಿಕೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬಣ್ಣದ ಗೆರೆ ನಿಂತಿತ್ತು, ಕೆನ್ನೆಯ ಮಚ್ಚೆ ಎರಡು ಕಡೆಯಲ್ಲೂ ಎಷ್ಟು ಕಾಣಬೇಕೋ ಅಷ್ಟು ಕಾಣುತ್ತಿತ್ತು. ಎರಡು ಅಡಿ ದೂರದಿಂದ ಮನೆಯವರಿಗೆ ಯಾವ ಕೆನ್ನೆಗೆ ಹಚ್ಚಿದ್ದೇನೆಂದು ಹೇಳಲಾಗಲಿಲ್ಲ. ಆದರೂ ‘ಇವತ್ತು ನಿದ್ದೆ ಚೆನ್ನಾಗಿ ಬಂದಿತೇನು’ ಎಂದು ಕೇಳಿದರು. ಈ ವಸ್ತುವಿನಿಂದ ಅಷ್ಟನ್ನು ಬಯಸಿದರೆ ನಿರಾಸೆಯಾಗದು. ತರಗತಿಯ ಕೊನೆಯ ಬೆಂಚಿನಿಂದ ನೋಡುವ ವಿದ್ಯಾರ್ಥಿಗೆ ನಿಮ್ಮ ಕಲೆ ಕಾಣುವುದೇ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಸನ್‌ಸ್ಕ್ರೀನ್ ಮೇಲೆ ಟಿಂಟ್ ಹಚ್ಚಿದಾಗಲೆಲ್ಲ ರಬ್ಬರಿನಿಂದ ಅಳಿಸಿದ ಪೆನ್ಸಿಲ್ ಪುಡಿಯಂತೆ ಸಣ್ಣ ಸಣ್ಣ ಸುರುಳಿಗಳು ಎದ್ದು ಬರುತ್ತವೆ. ಎರಡನ್ನೂ ಅಂಗೈಯಲ್ಲಿ ಬೆರೆಸಿ ಒಟ್ಟಿಗೆ ಹಚ್ಚಿದರೆ ಸರಿಹೋಗುವುದೇ?

ಉತ್ತರ: ದಯವಿಟ್ಟು ಬೆರೆಸಬೇಡಿ. ಸನ್‌ಸ್ಕ್ರೀನ್ ಕೆಲಸ ಮಾಡುವುದು ಚರ್ಮದ ಮೇಲೆ ಒಂದೇ ಸಮನಾದ ಪೊರೆಯಾಗಿ ಆರಿದಾಗ. ಅದರೊಳಗೆ ಇನ್ನೊಂದು ದ್ರವವನ್ನು ಸುರಿದರೆ ಆ ಪೊರೆ ಹೇಗೆ ಕೂರುತ್ತದೆಂಬುದು ಯಾರ ಕೈಯಲ್ಲೂ ಇರುವುದಿಲ್ಲ. ಸುರುಳಿ ಏಳುವುದಕ್ಕೆ ಕಾರಣವೂ ಆ ಪೊರೆಯೇ. ಇನ್ನೂ ಪೂರ್ತಿ ಆರದ ಪೊರೆಯನ್ನು ಉಜ್ಜಿದಾಗ ಅದು ಕಿತ್ತು ಬಂದು ಹೊಸೆದುಕೊಳ್ಳುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಹತ್ತು ನಿಮಿಷ ಬಿಡಿ. ತಲೆ ಬಾಚಿಕೊಳ್ಳಲು, ಬಟ್ಟೆ ಇಸ್ತ್ರಿ ಮಾಡಲು ಅಷ್ಟು ಹೊತ್ತು ಹೇಗೂ ಬೇಕು. ಅನಂತರ ಟಿಂಟನ್ನು ಎಳೆಯದೆ, ಬೆರಳಿನಿಂದ ತಟ್ಟಿ ತಟ್ಟಿ ಕೂರಿಸಿ. ಅಡಿಯಲ್ಲಿ ಸೀರಮ್, ಮಾಯಿಶ್ಚರೈಸರ್, ಪ್ರೈಮರ್ ಎಂದು ನಾಲ್ಕೈದು ಪದರಗಳಿದ್ದರೆ ಎರಡನ್ನು ಕಡಿಮೆ ಮಾಡಿ. ಸುಮಾರು ಸನ್‌ಸ್ಕ್ರೀನುಗಳಲ್ಲಿ ಮಾಯಿಶ್ಚರೈಸರಿಗೆ ಬೇಕಾದ ಜಿಡ್ಡು ಇದ್ದೇ ಇರುತ್ತದೆ. ಇಷ್ಟಾಗಿಯೂ ಸುರುಳಿ ಎದ್ದರೆ ಆ ಎರಡು ವಸ್ತುಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲವೆಂದು ತಿಳಿದು ಒಂದನ್ನು ಬದಲಿಸಿ. ಬದಲಿಸಬೇಕಾದ್ದು ಟಿಂಟನ್ನು, ಚರ್ಮಕ್ಕೆ ಹೊಂದಿಕೊಂಡ ಸನ್‌ಸ್ಕ್ರೀನ್ ಸಿಗುವುದು ಅದಕ್ಕಿಂತ ಕಷ್ಟ.

ಪ್ರಶ್ನೆ: ನನ್ನ ಟಿಂಟಿನ ಮೇಲೆ ಎಸ್‌ಪಿಎಫ್ 30 ಎಂದು ಬರೆದಿದೆ. ಕೆನ್ನೆಗಳ ಮೇಲೆ ಬಂಗು ಇದೆ. ಬೇರೆ ಸನ್‌ಸ್ಕ್ರೀನ್ ಹಚ್ಚಲೇಬೇಕೇ? ದಿನವೆಲ್ಲ ಕಚೇರಿಯೊಳಗೇ ಇರುತ್ತೇನೆ.

ಉತ್ತರ: ಹಚ್ಚಲೇಬೇಕು. ಎಸ್‌ಪಿಎಫ್ ಎಂದರೆ ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ. ಪೆಟ್ಟಿಗೆಯ ಮೇಲಿನ 30 ಸುಳ್ಳಲ್ಲ, ಆದರೆ ಆ ಅಂಕಿಯನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಮುಖಕ್ಕೂ ಕತ್ತಿಗೂ ಸೇರಿಸಿ ಸರಿಸುಮಾರು ಅರ್ಧ ಟೀ ಚಮಚ ಎಂದಿಟ್ಟುಕೊಳ್ಳಿ. ಟಿಂಟನ್ನು ಅಷ್ಟು ಹಚ್ಚಿದರೆ ಅದು ಹರಿದು ಇಳಿಯುತ್ತದೆ. ನಾವು ಹಚ್ಚುವುದು ಹೆಸರುಕಾಳಿನ ಗಾತ್ರದ ಎರಡು ಹನಿ. ಹನಿ ಕಡಿಮೆಯಾದಂತೆ ರಕ್ಷಣೆಯೂ ಕಡಿಮೆಯಾಗುತ್ತದೆ. ಅಡಿಯಲ್ಲಿ 30, ಮೇಲೆ 20 ಹಚ್ಚಿದರೆ 50 ಆಗುತ್ತದೆಂಬ ಲೆಕ್ಕವೂ ಸರಿಯಲ್ಲ, ಈ ಅಂಕಿಗಳು ಕೂಡುವ ಅಂಕಿಗಳಲ್ಲ. ಸರಿಯಾದ ಪ್ರಮಾಣದಲ್ಲಿ ಹಚ್ಚಿದ ಎಸ್‌ಪಿಎಫ್ 30 ಬಿಸಿಲಿನ ಯುವಿ-ಬಿ (ಒಂದು ಬಗೆಯ ಅತಿನೇರಳೆ) ಕಿರಣಗಳಲ್ಲಿ ಸುಮಾರು ಶೇ 97ರಷ್ಟನ್ನು, ಎಸ್‌ಪಿಎಫ್ 50 ಸುಮಾರು ಶೇ 98ರಷ್ಟನ್ನು ತಡೆಯುತ್ತದೆ. ಹಾಗಾಗಿ ದೊಡ್ಡ ಅಂಕಿಗೆ ಹಾತೊರೆಯುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ.

ಕಚೇರಿಯೊಳಗಿರುವ ಮಾತಿಗೆ ಬಂದರೆ, ಸಾಮಾನ್ಯ ಕಿಟಕಿಯ ಗಾಜು ಯುವಿ-ಬಿ ಕಿರಣಗಳನ್ನು ಬಹುಪಾಲು ತಡೆದರೂ ಯುವಿ-ಎ ಎಂಬ ಇನ್ನೊಂದು ಬಗೆಯ ಅತಿನೇರಳೆ ಕಿರಣಗಳನ್ನು ಹೆಚ್ಚಾಗಿ ಒಳಗೆ ಬಿಡುತ್ತದೆ. ಬಂಗಿನ ವಿಷಯದಲ್ಲಿ ಇನ್ನೊಂದು ತೊಡಕಿದೆ: ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕು ಕೂಡ, ಅದರಲ್ಲೂ ನೀಲಿ ಭಾಗ, ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಬಂಗನ್ನು ಕೆರಳಿಸುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದು ಅಷ್ಟಕ್ಕಷ್ಟೆ. ಐರನ್ ಆಕ್ಸೈಡ್ ತಡೆಯುತ್ತದೆ. ಬಂಗು ಇರುವವರಿಗೆ ಬಣ್ಣವುಳ್ಳ ಸನ್‌ಸ್ಕ್ರೀನನ್ನು ಚರ್ಮವೈದ್ಯರು ಸೂಚಿಸುವುದು ಇದೇ ಕಾರಣಕ್ಕೆ. ಅದಕ್ಕೂ ಸ್ಕಿನ್ ಟಿಂಟಿಗೂ ನೋಟದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಉದ್ದೇಶದಲ್ಲಿ ಇದೆ: ಒಂದು ರಕ್ಷಣೆಗಾಗಿ ಸಾಕಷ್ಟು ಹಚ್ಚಲೆಂದು ತಯಾರಾದದ್ದು, ಇನ್ನೊಂದು ಅಂದಕ್ಕಾಗಿ ಸ್ವಲ್ಪವೇ ಹಚ್ಚಲೆಂದು ತಯಾರಾದದ್ದು. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಸಿಐ 77491, 77492, 77499 ಎಂಬ ಅಂಕಿಗಳು ಕಂಡರೆ ಅವು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. ನೀವಾಗಿದ್ದರೆ ನಾನು ಬಣ್ಣವುಳ್ಳ ಸನ್‌ಸ್ಕ್ರೀನನ್ನೇ ಧಾರಾಳವಾಗಿ ಹಚ್ಚಿ ಟಿಂಟನ್ನು ಕೈಬಿಡುತ್ತಿದ್ದೆ. ಬಂಗಿಗೆ ಚಿಕಿತ್ಸೆ ಬೇರೆಯೇ ಇದೆ, ಅದನ್ನು ವೈದ್ಯರ ಬಳಿಯೇ ಕೇಳಬೇಕು.

ಪ್ರಶ್ನೆ: ನನ್ನದು ಕಪ್ಪು ಮೈಬಣ್ಣ. ಯಾವ ಟಿಂಟ್ ಹಚ್ಚಿದರೂ ಮುಖಕ್ಕೆ ಬೂದಿ ಬಡಿದಂತೆ ಕಾಣುತ್ತದೆ. ಅತ್ಯಂತ ಗಾಢ ಶೇಡನ್ನು ತಂದರೂ ಇದೇ ಪಾಡು. ಗೆಳತಿಯರು ‘ಒಂದು ಶೇಡ್ ತಿಳಿಯದನ್ನು ಹಚ್ಚು, ಮುಖ ಬೆಳಗುತ್ತದೆ’ ಎನ್ನುತ್ತಾರೆ.

ಉತ್ತರ: ಗೆಳತಿಯರ ಮಾತನ್ನು ನಯವಾಗಿ ತಳ್ಳಿಹಾಕಿ. ತಿಳಿಯ ಶೇಡ್ ಎಂದರೆ ಟೈಟೇನಿಯಂ ಡೈಆಕ್ಸೈಡ್ ಹೆಚ್ಚು ಎಂದರ್ಥ, ಕಪ್ಪು ಚರ್ಮದ ಮೇಲೆ ಬೂದಿಯಂತೆ ಕಾಣುವುದೇ ಆ ಬಿಳಿಯ ಪುಡಿ. ಗಾಢ ಶೇಡಿನಲ್ಲೂ ಹೀಗಾಗುವುದಕ್ಕೆ ಕಾರಣ ತಯಾರಿಕೆಯ ಸೋಮಾರಿತನ: ತಿಳಿಯ ಶೇಡಿಗೆ ಕಪ್ಪು ಪುಡಿಯನ್ನು ಸುರಿದು ಗಾಢ ಮಾಡಿಬಿಟ್ಟರೆ ಬಣ್ಣ ಗಾಢವಾಗುತ್ತದೆ, ಜೀವ ಬರುವುದಿಲ್ಲ. ಕಪ್ಪು ಮೈಬಣ್ಣದೊಳಗೂ ಕೆಂಪು, ಹೊಂಬಣ್ಣ, ಕೆಲವರಲ್ಲಿ ನೀಲಿಯ ಛಾಯೆ ಇರುತ್ತದೆ. ಅದನ್ನೇ ಅಂಡರ್‌ಟೋನ್ ಎನ್ನುವುದು. ಮಣಿಕಟ್ಟಿನ ನರಗಳ ಬಣ್ಣ ನೋಡಿ ಅದನ್ನು ಪತ್ತೆ ಹಚ್ಚಿರೆಂಬ ಉಪದೇಶ ಎಲ್ಲೆಲ್ಲೂ ಇದೆ, ಗಾಢ ಚರ್ಮದಲ್ಲಿ ನರವೇ ಸರಿಯಾಗಿ ಕಾಣದಿರುವಾಗ ಅದರಿಂದ ಪ್ರಯೋಜನವೇನು? ಒಂದೇ ಗಾಢತೆಯ ಎರಡು ಶೇಡುಗಳನ್ನು, ಒಂದು ಕೆಂಪು ಕಡೆಗೆ ವಾಲಿದ್ದು, ಇನ್ನೊಂದು ಹೊಂಬಣ್ಣದ ಕಡೆಗೆ ವಾಲಿದ್ದು, ದವಡೆಯ ಮೇಲೆ ಪಕ್ಕಪಕ್ಕದಲ್ಲಿ ಎಳೆದು ನೋಡಿ. ಮರೆಯಾಗುವುದು ಯಾವುದೋ ಅದು ನಿಮ್ಮದು. ಅದಕ್ಕೂ ಮೊದಲು ಒಂದು ದಿನ ಟಿಂಟ್ ಇಲ್ಲದೆ ಬರೀ ಸನ್‌ಸ್ಕ್ರೀನ್ ಹಚ್ಚಿಕೊಂಡು ಕನ್ನಡಿ ನೋಡಿ. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನುಗಳು ತಾವೇ ಬಿಳುಪು ಬಿಡುತ್ತವೆ, ಪಾಪ, ಬೈಗುಳ ಮಾತ್ರ ಮೇಲಿನ ಟಿಂಟಿಗೆ ಸಿಗುತ್ತದೆ.

ಪ್ರಶ್ನೆ: ಬೆರಳಿನಲ್ಲಿ ಹಚ್ಚಬೇಕೇ, ಸ್ಪಂಜಿನಲ್ಲೇ, ಬ್ರಷ್ಷಿನಲ್ಲೇ?

ಉತ್ತರ: ಬೆರಳಿನಲ್ಲಿ. ಕೈಯ ಬಿಸಿಗೆ ಅದು ಬೇಗ ಹರಡುತ್ತದೆ. ಸ್ಪಂಜು ಇರುವ ಎರಡು ಹನಿಯಲ್ಲಿ ಒಂದನ್ನು ತಾನೇ ಕುಡಿದುಬಿಡುತ್ತದೆ. ಕೈ ತೊಳೆದುಕೊಂಡಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ನನ್ನ ತಾಯಿಯವರಿಗೆ 61 ವರ್ಷ. ಚರ್ಮ ಒಣಗಿದೆ, ಸುಕ್ಕುಗಳಿವೆ, ದಿನವಿಡೀ ಕನ್ನಡಕ ಹಾಕುತ್ತಾರೆ. ‘ಈ ವಯಸ್ಸಿನಲ್ಲಿ ನನಗೇಕಮ್ಮ’ ಎನ್ನುತ್ತಲೇ ನನ್ನ ಟಿಂಟನ್ನು ಒಂದು ದಿನ ಹಚ್ಚಿಕೊಂಡು ನೋಡಿದರು. ಬಾಯಿಯ ಸುತ್ತ ಗೆರೆಗಳು ಎದ್ದು ಕಂಡವು.

ಉತ್ತರ: ಬೇಡವೆನ್ನುತ್ತಲೇ ಹಚ್ಚಿಕೊಂಡರೆಂದರೆ ಅವರಿಗೆ ಇಷ್ಟವಿದೆ ಎಂದಾಯಿತು. ಒಣ ಚರ್ಮಕ್ಕೆ ಫೌಂಡೇಶನ್ನಿಗಿಂತ ಟಿಂಟೇ ವಾಸಿ, ಆದರೆ ಮ್ಯಾಟ್ (ಹೊಳಪಿಲ್ಲದ್ದು) ಎಂದು ಬರೆದಿರುವುದು ಬೇಡ. ಗ್ಲಿಸರಿನ್, ಹೈಅಲ್ಯುರಾನಿಕ್ ಆ್ಯಸಿಡ್, ಸ್ಕ್ವಾಲೇನ್ ಇಂಥವು ಪಟ್ಟಿಯಲ್ಲಿರುವ, ಹೊಳಪು ಉಳಿಸುವ ಟಿಂಟ್ ಇರಲಿ. ಮಾಯಿಶ್ಚರೈಸರ್ ಹಚ್ಚಿ ಚರ್ಮ ಅದನ್ನು ಹೀರಿಕೊಂಡ ಮೇಲೆ ಟಿಂಟ್ ಹಚ್ಚಲಿ. ಅನಂತರ ಒಮ್ಮೆ ಅಗಲವಾಗಿ ನಗಲು ಹೇಳಿ. ಗೆರೆಗಳಲ್ಲಿ ನಿಂತ ಹೆಚ್ಚಿನ ಬಣ್ಣವನ್ನು ಖಾಲಿ ಬೆರಳಿನಿಂದ ಒತ್ತಿ ಎತ್ತಿಬಿಟ್ಟರೆ ದಿನವೆಲ್ಲ ತೊಂದರೆಯಿಲ್ಲ. ಪೌಡರ್ ಬೇಡವೇ ಬೇಡ. ಕನ್ನಡಕದ ಮೂಗುಪಟ್ಟಿ ಕೂರುವ ಎರಡು ಸಣ್ಣ ಜಾಗಗಳನ್ನು ಬರಿದೇ ಬಿಡುವುದು ಲೇಸು. ಅಲ್ಲಿ ಹಚ್ಚಿದ್ದು ಹೇಗೂ ಕನ್ನಡಕಕ್ಕೆ ಅಂಟಿಕೊಂಡು, ತೆಗೆದಾಗ ಎರಡು ಬಿಳಿಚಿದ ಗುರುತು ಉಳಿಯುತ್ತದೆ.

ಪ್ರಶ್ನೆ: ನಾನು 26ರ ಯುವಕ. ಗಡ್ಡ ಹೆರೆದ ಮೇಲೆ ಕತ್ತಿನ ಸುತ್ತ ಕೆಂಪಾಗುತ್ತದೆ. ಗಂಡಸರು ಟಿಂಟ್ ಹಚ್ಚಿದರೆ ಗೊತ್ತಾಗಿಬಿಡುತ್ತದೆಯೇ?

ಉತ್ತರ: ಸರಿಯಾದ ಶೇಡನ್ನು ಕಡಿಮೆ ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ಆಗುವುದೇನಿಲ್ಲ. ಗೊತ್ತಾಗುವ ಜಾಗ ಒಂದೇ, ಗಡ್ಡದ ಬುಡ. ಚಿಗುರಿದ ಕೂದಲಿಗೆ ಬಣ್ಣ ಅಂಟಿ ಧೂಳು ಕೂತಂತೆ ಕಾಣುತ್ತದೆ. ಅದಕ್ಕಾಗಿ ಗಡ್ಡ ಇರುವಲ್ಲಿ ಬಿಟ್ಟು ಹಣೆ, ಕಣ್ಣಿನ ಕೆಳಗು, ಮೂಗಿನ ಪಕ್ಕ ಇಷ್ಟಕ್ಕೇ ಹಚ್ಚಿ. ಈಗಷ್ಟೇ ಹೆರೆದು ಉರಿಯುತ್ತಿರುವ ಚರ್ಮಕ್ಕಾಗಲಿ, ರೇಜರ್ ತಾಗಿದ ಗಾಯಕ್ಕಾಗಲಿ ಟಿಂಟ್ ಮುಟ್ಟಿಸಬೇಡಿ. ಕೂದಲು ಬೆಳೆಯುವ ದಿಕ್ಕಿನಲ್ಲೇ, ಹರಿತವಾದ ಬ್ಲೇಡಿನಿಂದ ಹೆರೆಯುವುದನ್ನು ರೂಢಿಸಿಕೊಂಡರೆ ಕೆಂಪೇ ಕಡಿಮೆಯಾಗುತ್ತದೆ.

ಪ್ರಶ್ನೆ: ಹೊಸ ಟಿಂಟ್ ಹಚ್ಚತೊಡಗಿ ಮೂರು ವಾರವಾಯಿತು. ಹಣೆಯ ತುಂಬ ಸಣ್ಣ ಗುಳ್ಳೆಗಳು. ‘ನಾನ್-ಕಾಮೆಡೋಜೆನಿಕ್’ ಎಂದು ಬರೆದಿದ್ದರಿಂದಲೇ ಅದನ್ನು ತೆಗೆದುಕೊಂಡಿದ್ದೆ. ಇದು ಅಲರ್ಜಿಯೇ?

ಉತ್ತರ: ಅಲರ್ಜಿಯಾದರೆ ಸಾಮಾನ್ಯವಾಗಿ ತುರಿಕೆ, ಉರಿ, ಕೆಂಪು ಇರುತ್ತದೆ, ಅದು ಹಚ್ಚಿದ ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಕಾಣಿಸಿಕೊಳ್ಳುವುದು ಹೆಚ್ಚು. ವಾರಗಟ್ಟಲೆ ಹಿಡಿದು ಮೆಲ್ಲಗೆ ಏಳುವ, ತುರಿಸದ ಸಣ್ಣ ಗುಳ್ಳೆಗಳು ರಂಧ್ರ ಕಟ್ಟಿಕೊಂಡು ಆದವು ಇರಬಹುದು. ‘ನಾನ್-ಕಾಮೆಡೋಜೆನಿಕ್’ (ರಂಧ್ರ ಕಟ್ಟಿಸದ್ದು) ಎಂಬ ಪದಕ್ಕೆ ಎಲ್ಲ ಕಂಪನಿಗಳೂ ಪಾಲಿಸಲೇಬೇಕಾದ ಒಂದೇ ಪರೀಕ್ಷೆ ಇಲ್ಲ, ಆದ್ದರಿಂದ ಅದನ್ನು ಭರವಸೆಯೆಂದು ತಿಳಿಯದೆ ಸೂಚನೆಯೆಂದು ತಿಳಿಯಿರಿ. ಟಿಂಟನ್ನು ನಿಲ್ಲಿಸಿ, ಆ ಮೂರು ವಾರಗಳಲ್ಲಿ ಹೊಸದಾಗಿ ಸೇರಿಸಿದ ಬೇರೇನಾದರೂ ಇದ್ದರೆ ಅದನ್ನೂ ನಿಲ್ಲಿಸಿ. ತಲೆಗೆ ಹಚ್ಚುವ ಎಣ್ಣೆ ಹಣೆಗೆ ಇಳಿದರೂ ಇಂಥದ್ದೇ ಗುಳ್ಳೆಗಳು ಏಳುತ್ತವೆ.

ಹಚ್ಚುವುದಕ್ಕಿಂತ ತೆಗೆಯುವುದರಲ್ಲಿ ತಪ್ಪಿದೆಯೇ ಎಂದೂ ನೋಡಿಕೊಳ್ಳಿ. ಟಿಂಟ್ ತೆಳುವಾಗಿದೆಯೆಂದು ಮುಖಕ್ಕೆ ನೀರು ಎರಚಿ ಮಲಗುವವರನ್ನು ನಾನು ಬಲ್ಲೆ. ಅದರಲ್ಲಿರುವ ಸಿಲಿಕೋನ್ ನೀರಿಗೆ ಜಗ್ಗುವುದಿಲ್ಲ. ಮೊದಲು ಕ್ಲೆನ್ಸಿಂಗ್ ಆಯಿಲನ್ನೋ ಮೈಸೆಲರ್ ವಾಟರನ್ನೋ ಬಳಸಿ, ಹಣೆಯಂಚಿನ ಕೂದಲ ಸಾಲಿನವರೆಗೂ ಬಿಡಿಸಿ, ಅನಂತರ ಎಂದಿನ ಫೇಸ್‌ವಾಶ್‌ನಿಂದ ತೊಳೆಯಬೇಕು. ನಾಲ್ಕೈದು ವಾರ ಕಳೆದರೂ ಗುಳ್ಳೆಗಳು ಇಳಿಯದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಮುಖ ತಿಳಿಯಾದ ಮೇಲೆ ಮತ್ತೆ ಹೊಸತನ್ನು ತಂದಾಗ, ಮೊಣಕೈಯ ಒಳಮಡಿಕೆಯಲ್ಲಿ ಒಂದು ನಾಣ್ಯದಗಲದ ಜಾಗಕ್ಕೆ ದಿನಕ್ಕೆರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಅಲ್ಲಿ ಏನೂ ಆಗದಿದ್ದರೆ ಆಮೇಲೆ ಹಣೆಯ ಒಂದು ಮೂಲೆಗೆ ಮಾತ್ರ ಎರಡು ವಾರ ಹಚ್ಚಿ; ಮೊಣಕೈ ಅಲರ್ಜಿಯನ್ನು ಹೇಳಬಲ್ಲದು, ಗುಳ್ಳೆಗಳ ಸುದ್ದಿಯನ್ನು ಹೇಳಲಾರದು. ಡಬ್ಬಿಯ ಹಿಂಬದಿಯಲ್ಲಿ ಮುಚ್ಚಳ ತೆರೆದ ಭರಣಿಯ ಸಣ್ಣ ಚಿತ್ರದೊಳಗೆ 6ಎಂ ಎಂದೋ 12ಎಂ ಎಂದೋ ಬರೆದಿರುತ್ತದೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ತೆರೆದ ತಾರೀಕನ್ನು ಪೆನ್ನಿನಿಂದ ಅದರ ಪಕ್ಕದಲ್ಲೇ ಬರೆದಿಡಿ.